ಅಕ್ಕನ ಧಾಟಿ, ನನ್ನ ಧಾಟಿ

ನಮ್ಮ ಮನೆತನದಲ್ಲಿ ಹೆಂಗಸರು ಆಸ್ತಿಗಾಗಿ ಜಗಳವಾಡಿದ್ದು ನನಗೆ ನೆನಪಿಲ್ಲ. ಅಡಿಕೆ ತೋಟ, ಗದ್ದೆ, ಬಂಗಾರ ಎಲ್ಲವನ್ನೂ ಗಂಡಸರೇ ಪಡಸಾಲೆಯಲ್ಲಿ ಕೂತು ಹಂಚಿಕೊಂಡರು. ನಮ್ಮನ್ನು ಕರೆದದ್ದು ಮೊದಲು ಕಾಫಿ ತರಲಿಕ್ಕೆ, ಆಮೇಲೆ ಸಹಿ ಹಾಕಲಿಕ್ಕೆ. ಆದರೆ ಮೈಸೂರು ಅನಂತಸ್ವಾಮಿ ಹೆಚ್ಚೋ ಸಿ. ಅಶ್ವತ್ಥ್ ಹೆಚ್ಚೋ ಎಂಬ ಒಂದೇ ವಿಷಯಕ್ಕೆ ನಾನೂ ನನ್ನ ಅಕ್ಕನೂ ಮೂವತ್ತೈದು ವರ್ಷ ಜಗಳವಾಡಿದೆವು. ನಡುವೆ ಎರಡು ಸಲ ಮಾತು ಬಿಟ್ಟೆವು, ಅದರಲ್ಲಿ ಒಂದು ಸಲ ಪೂರ್ತಿ ಐದು ತಿಂಗಳು. ಈಗ ಹೇಳಿದರೆ ಮನೆಯ ಹುಡುಗರು ನಗುತ್ತಾರೆ. ನಗಲಿ. ಅವರ ಜಗಳಗಳನ್ನೂ ನಾನು ಕೇಳಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ನಾನು ಹುಟ್ಟಿದ್ದು ನ್ಯಾಮತಿಯಲ್ಲಿ. ಅಕ್ಕನನ್ನು 1975ರಲ್ಲಿ ಚನ್ನಗಿರಿ ಕಡೆಯ ಒಂದು ತೋಟದ ಮನೆಗೆ ಕೊಟ್ಟರು. ನಾಲ್ಕು ವರ್ಷದ ಮೇಲೆ ನನ್ನನ್ನು ಹೊನ್ನಾಳಿಗೆ ಕೊಟ್ಟರು. ನನ್ನ ಮೈದುನನ ಹೆಂಡತಿ, ನಮ್ಮ ಕಡೆ ನೆಗೆಣ್ಣಿ ಎನ್ನುತ್ತೇವೆ, ಮೈಸೂರಿನವರು ಓರಗಿತ್ತಿ ಎನ್ನುತ್ತಾರೆ, ಅವಳ ತವರು ಜಗಳೂರು. ಆಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಗೆ ಸೇರಿದ್ದರೆ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಎಲ್ಲ ಒಂದಾದೆವು. ಆದರೆ ಅದಕ್ಕೂ ಬಹಳ ಮೊದಲೇ ಕ್ಯಾಸೆಟ್ಟುಗಳು ನಮ್ಮನ್ನು ಜಗಳಕ್ಕೆ ಒಂದುಗೂಡಿಸಿದ್ದವು.

ಕ್ಯಾಸೆಟ್ಟಿಗೆ ಮುಂಚೆ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಭದ್ರಾವತಿ ಆಕಾಶವಾಣಿ ಏನು ಹಾಕುತ್ತದೋ ಅದನ್ನು ಕೇಳಬೇಕು. ಹಾಡು ಬಂದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಹಾಡು ಹೋಯಿತು, ಮತ್ತೆ ಬರುವುದು ಯಾವಾಗಲೋ. ನ್ಯಾಮತಿಯ ನಮ್ಮ ಚಿಕ್ಕಮ್ಮ ಪಿ. ಕಾಳಿಂಗರಾಯರ ಭಕ್ತೆ. ಕಾಳಿಂಗರಾಯರ ಜತೆ ಹಾಡುತ್ತಿದ್ದ ಮೋಹನಕುಮಾರಿ, ಸೋಹನಕುಮಾರಿಯರ ದನಿ ಬಂದರೆ ಸಾಕು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯನ್ನು ಹಾಗೆಯೇ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಬೇಂದ್ರೆ, ಕುವೆಂಪು ಎಂಬ ಹೆಸರುಗಳು ಅವಳಿಗೆ ಪುಸ್ತಕದಿಂದ ಬಂದವಲ್ಲ, ಆ ದನಿಯಿಂದ ಬಂದವು. 1981ರಲ್ಲಿ ಕಾಳಿಂಗರಾಯರು ತೀರಿಕೊಂಡಾಗ ಅವಳು, ಇನ್ನು ಮೇಲೆ ಹಾಡುವವರೆಲ್ಲ ಬರೀ ಹಾಡುವವರು ಅಷ್ಟೆ, ಎಂದುಬಿಟ್ಟಳು. ಅನಂತಸ್ವಾಮಿಯೂ ಅಶ್ವತ್ಥರೂ ಅವಳ ಲೆಕ್ಕಕ್ಕೆ ಇರಲಿಲ್ಲ.

1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡ ಭಾವಗೀತೆಗಳಿಗೆಂದೇ ಬಂದ ಮೊದಲ ಕ್ಯಾಸೆಟ್ಟು ಅದು ಎಂದು ಹೇಳುತ್ತಾರೆ. ಅಕ್ಕನ ಮನೆಗೆ ಅದು ಬಂದದ್ದು ಅಡಿಕೆಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ, ಟೂ-ಇನ್-ಒನ್ ಜತೆಗೆ. ಭಾವ ಅದನ್ನು ತಂದದ್ದು ರಾಜಕುಮಾರರ ಹಾಡಿಗೆ. ರಾತ್ರಿ ಅವರ ಸರದಿ, ಬೆಳಿಗ್ಗೆ ಮಾವನವರ ಭಕ್ತಿಗೀತೆಯ ಸರದಿ. ಹೆಂಗಸರ ಸರದಿ ಮಧ್ಯಾಹ್ನ ಎರಡರಿಂದ ನಾಲ್ಕು, ಅಡಿಕೆ ಸುಲಿಯುವ ಹೊತ್ತು. ಅಕ್ಕ ಮೆಟ್ಟುಗತ್ತಿಯ ಮೇಲೆ ಕೂತು ಕೈಗೆ ಕರೆಹಿಡಿಸಿಕೊಂಡು ಅದೇ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ಕೇಳಿದಳು. ಟೇಪಿನ ಗುಂಡಿಗಳ ಮೇಲೂ ಅಡಿಕೆಯ ಕರೆ ಕೂತು ಕಪ್ಪಾಗಿತ್ತು. ಮೊದಲು ಕೇಳಿದ ದನಿಗೆ ಮನಸ್ಸು ಅಂಟುತ್ತದೆ ನೋಡಿ, ಅಕ್ಕ ಅನಂತಸ್ವಾಮಿಯವರ ಪಕ್ಷವಾದಳು.

ನನ್ನ ಮನೆಗೆ ಮೊದಲು ಬಂದದ್ದು ‘ಮೈಸೂರು ಮಲ್ಲಿಗೆ’. ಕೆ.ಎಸ್. ನರಸಿಂಹಸ್ವಾಮಿಯವರ ಆ ಪುಸ್ತಕ 1942ರದ್ದು, ಅಂದರೆ ನಮ್ಮ ಅಮ್ಮ ಲಂಗ ಉಡುತ್ತಿದ್ದ ಕಾಲದ್ದು. ಅದಕ್ಕೆ ಅಶ್ವತ್ಥರು ರಾಗ ಹಾಕಿದ ಮೇಲೆ ಕವಿತೆ ಓದದವರ ಮನೆಗೂ ಅದು ಬಂತು. ಹೊಸದಾಗಿ ಮದುವೆಯಾದವಳು ನಾನು. ತವರು, ಗಂಡ, ಮುನಿಸು ಇವುಗಳ ಹಾಡು ಕೇಳಿ ನಾನು ಅಶ್ವತ್ಥರ ಪಕ್ಷವಾಗದೆ ಇನ್ನೇನಾಗಲಿ? ಹೀಗೆ ನೋಡಿದರೆ ನಮ್ಮಿಬ್ಬರ ಪಕ್ಷವನ್ನು ತೀರ್ಮಾನಿಸಿದ್ದು ನಮ್ಮ ರಸಜ್ಞತೆಯೇನೂ ಅಲ್ಲ, ಯಾರು ಯಾವ ಕ್ಯಾಸೆಟ್ಟನ್ನು ಮೊದಲು ಕೊಂಡುತಂದರು ಎಂಬುದು. ಈ ಮಾತು ನನಗೆ ಹೊಳೆಯುವುದಕ್ಕೆ ಬಹಳ ಕಾಲ ಬೇಕಾಯಿತು.

ಜಗಳ ಹೇಗಿರುತ್ತಿತ್ತು ಎಂದರೆ, ಅಕ್ಕ ನ್ಯಾಮತಿಗೆ ಬರುವಾಗ ಸೀರೆಯ ಪೆಟ್ಟಿಗೆಯಲ್ಲಿ ನಾಲ್ಕು ಕ್ಯಾಸೆಟ್ಟು ತರುತ್ತಿದ್ದಳು. ನಾನು ನನ್ನವನ್ನು ಒಯ್ಯುತ್ತಿದ್ದೆ. ಗೌರಿ ಹಬ್ಬಕ್ಕೆಂದು ತವರಿಗೆ ಬಂದವರು ನಾವು ಗೌರಿಯ ಮುಂದೆಯೇ ಟೇಪು ಇಟ್ಟುಕೊಂಡು ವಾದಕ್ಕೆ ಕೂರುತ್ತಿದ್ದೆವು.

“ನಿಮ್ಮ ಅಶ್ವತ್ಥರು ಹಾಡಿದರೆ ಹಾಡು ಕೇಳ್ತದೆ, ಮಾತು ಕೇಳಲ್ಲ ಕಣೆ. ಅಷ್ಟೊಂದು ವಾದ್ಯ ಯಾಕೆ? ಕವಿತೆ ಏನು ಓಡಿಹೋಗ್ತದಾ, ಸುತ್ತ ಕಾವಲು ನಿಲ್ಲಿಸೋಕೆ?” ಇದು ಅಕ್ಕನ ವಾದ. ಅನಂತಸ್ವಾಮಿಯವರು ಶಬ್ದವನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಾರೆ, ಹಾರ್ಮೋನಿಯಂ ಕೂಡ ತಗ್ಗಿಯೇ ಇರುತ್ತದೆ, ಎನ್ನುವುದು ಅವಳ ಕಟ್ಟಾ ನಂಬಿಕೆ.

ನನ್ನ ವಾದ ಬೇರೆ. ಕವಿತೆಯನ್ನು ಬರೀ ಸ್ಪಷ್ಟವಾಗಿ ಹೇಳುವುದಾದರೆ ಶಾಲೆಯ ಮೇಷ್ಟ್ರೇ ಸಾಕು. ಅಶ್ವತ್ಥರು ಎತ್ತರದ ಸ್ಥಾಯಿಯಲ್ಲಿ ಕೂಗಿದಾಗ ಕವಿತೆಯ ಒಳಗಿದ್ದ ಸಂಕಟ ಹೊರಗೆ ಬರುತ್ತದೆ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ಹಗಲು ಕೆಲಸ ಮಾಡುತ್ತ ಇಷ್ಟೆಲ್ಲ ಹಾಡು ಕಟ್ಟಿದ ಮನುಷ್ಯ ಅವರು. ನಮ್ಮ ಹಾಗೆ ಎರಡು ಬದುಕು ಬದುಕಿದವರು, ಅವರ ದನಿಯಲ್ಲಿ ಅದು ಕೇಳುತ್ತದೆ, ಎಂದು ನಾನು ಹೇಳುತ್ತಿದ್ದೆ. ಇದು ಸ್ವಲ್ಪ ಅತಿಯಾಯಿತು ಎಂದು ನನಗೆ ಆಗಲೂ ಗೊತ್ತಿತ್ತು.

ಇಬ್ಬರೂ ಒಪ್ಪುತ್ತಿದ್ದ ಒಬ್ಬರೆಂದರೆ ಶಿವಮೊಗ್ಗ ಸುಬ್ಬಣ್ಣ. ಅವರಂತೂ ನಮ್ಮ ಜಿಲ್ಲೆಯವರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಮೊದಲ ಕನ್ನಡಿಗ ಗಾಯಕ. ವಾದ ಬಿಸಿಯಾಗಿ ಅಮ್ಮ ಗದರಿಸಿದರೆ ಸುಬ್ಬಣ್ಣನವರ ಹಾಡು ಹಾಕಿಬಿಡುತ್ತಿದ್ದೆವು, ರಾಜಿ ಪಂಚಾಯಿತಿಗೆ ಊರಗೌಡರನ್ನು ಕರೆದಂತೆ. ಅವರು ವೃತ್ತಿಯಲ್ಲಿ ವಕೀಲರಾಗಿದ್ದರು ಎಂಬುದು ಆಮೇಲೆ ತಿಳಿದಾಗ ನಮಗೆ ನಗು ತಡೆಯಲಾಗಲಿಲ್ಲ.

ನಡೆಯ ವಿಷಯದ ಜಗಳವೊಂದನ್ನು ಹೇಳಲೇಬೇಕು. ಅನಂತಸ್ವಾಮಿಯವರ ಹಾಡು ಎಷ್ಟು ನಿಧಾನ, ಎಷ್ಟು ಗಂಭೀರ, ಎಂದು ಅಕ್ಕ ಯಾವಾಗಲೂ ಹೊಗಳುವಳು. ಅದೇ ಕ್ಯಾಸೆಟ್ಟನ್ನು ನಾನೂ ಹೊನ್ನಾಳಿಯಲ್ಲಿ ಕೇಳಿದ್ದೆ, ನನಗೇನೂ ಅಷ್ಟು ನಿಧಾನ ಅನ್ನಿಸಿರಲಿಲ್ಲ. “ನಿನಗೆ ಕಿವಿಯೇ ಇಲ್ಲ” ಎಂದಳು. ಎರಡು ವರ್ಷ ಈ ವಾದ ನಡೆಯಿತು. ಒಂದು ದಿನ ಅವಳು ಹೊನ್ನಾಳಿಗೆ ಬಂದಾಗ ಅವಳದೇ ಕ್ಯಾಸೆಟ್ಟನ್ನು ನಮ್ಮ ಟೇಪಿನಲ್ಲಿ ಹಾಕಿದೆವು. ಅಕ್ಕನ ಮುಖ ಬಿಳಿಚಿಕೊಂಡಿತು. ಹಾಡು ಅವಳು ಅಂದುಕೊಂಡದ್ದಕ್ಕಿಂತ ಚುರುಕಾಗಿತ್ತು, ದನಿಯೂ ತೆಳ್ಳಗಿತ್ತು. ಆಗ ಗೊತ್ತಾಯಿತು ಸಂಗತಿ. ಅವಳ ತೋಟದ ಮನೆಗೆ ಹಗಲು ಕರೆಂಟು ಬರುತ್ತಿದ್ದುದೇ ಅಪರೂಪ, ಟೇಪು ನಡೆಯುತ್ತಿದ್ದದ್ದು ಸೆಲ್ಲಿನ ಮೇಲೆ. ಹೊಸ ಸೆಲ್ಲು ಭಾವನ ಸರದಿಗೆ. ಹೆಂಗಸರ ಸರದಿ ಬರುವ ಹೊತ್ತಿಗೆ ಅವು ಸೋತಿರುತ್ತಿದ್ದವು. ಅಕ್ಕ ಅವನ್ನು ಮುಂಜಾನೆ ಅಡಿಕೆಯ ಜತೆ ಅಂಗಳದ ಬಿಸಿಲಿಗೆ ಹಾಕಿ, ಮಧ್ಯಾಹ್ನ ಮತ್ತೆ ಟೇಪಿಗೆ ತುಂಬಿ, ಎಳೆಯುವಷ್ಟು ಎಳೆಸುತ್ತಿದ್ದಳು. ಸೋತ ಸೆಲ್ಲಿಗೆ ಟೇಪು ನಿಧಾನವಾಗಿ ತಿರುಗುತ್ತದೆ, ದನಿ ದಪ್ಪಗಾಗುತ್ತದೆ. ಅಕ್ಕ ಆರಾಧಿಸಿದ ಆ ಗಾಂಭೀರ್ಯದಲ್ಲಿ ಅರ್ಧ ಅನಂತಸ್ವಾಮಿಯವರದು, ಅರ್ಧ ಆ ಸೆಲ್ಲಿನದು.

ನಾನು ನಕ್ಕೆ. ನಗಬಾರದಾಗಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ, ನನಗೆ ನನ್ನ ಮನೇಲಿ ಕೇಳಿದ್ದೇ ಸರಿ” ಎಂದಳು.

ಜಗಳೂರಿನ ನೆಗೆಣ್ಣಿ ಬಂದ ಮೇಲೆ ಜಗಳಕ್ಕೆ ಮೂರನೆಯ ಮೂಲೆ ಹುಟ್ಟಿತು. ಅವಳು ಇಬ್ಬರನ್ನೂ ಒಪ್ಪದವಳು. ಜಗಳೂರು 1950ರಲ್ಲಿ ಮೊದಲ ತರಳಬಾಳು ಹುಣ್ಣಿಮೆ ನಡೆದ ಊರು. ವಚನ ಗಾಯನ, ಭಜನೆ ಅವಳಿಗೆ ಮನೆಯ ಗಾಳಿಯಲ್ಲೇ ಇದ್ದವು. ಅವಳ ಅಜ್ಜ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯೆಲ್ಲ ತತ್ವಪದ ಹಾಡುತ್ತಿದ್ದವರಂತೆ. ಶಿಶುನಾಳ ಶರೀಫರ ಹಾಡುಗಳ ಕ್ಯಾಸೆಟ್ಟು ಅಶ್ವತ್ಥರ ದನಿಯಲ್ಲಿ ಮನೆಮನೆಗೆ ಬಂದು, 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಬಂದಾಗ ನಾನು ಮೆರೆದಾಡಿದೆ. ಇನ್ನು ಯಾರೂ ಅಶ್ವತ್ಥರ ಮುಂದೆ ನಿಲ್ಲುವಂತಿಲ್ಲ, ಎಂದೆ.

ಅವಳು ಹಪ್ಪಳ ಲಟ್ಟಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಹಾಡು ಚೆನ್ನಾಗೈತೆ ಕಣಕ್ಕ, ಇಲ್ಲ ಅನ್ನಲ್ಲ. ಆದ್ರೆ ನಮ್ಮಜ್ಜ ಹೇಳ್ತಿದ್ದ ಧಾಟಿ ಬೇರೆ ಐತೆ. ಈಗ ನಮ್ಮೂರ ಭಜನೆಯೋರೂ ಕ್ಯಾಸೆಟ್ ಧಾಟಿನೇ ಹಾಡ್ತಾರೆ. ನಮ್ಮಜ್ಜನ್ನ ಈಗ ಕೇಳಿದ್ರೆ ಅವನೇ ತಪ್ಪು ಹಾಡ್ತಾನೆ ಅಂತೀರಿ.”

ಶರೀಫರು ಬದುಕಿದ್ದದ್ದು 1819ರಿಂದ 1889ರವರೆಗೆ. ಅವರ ಹಾಡು ಕ್ಯಾಸೆಟ್ಟು ಸೇರುವ ಮೊದಲು ಸುಮಾರು ನೂರು ವರ್ಷ ಬಾಯಿಂದ ಬಾಯಿಗೆ ನಡೆದುಬಂದಿತ್ತು. ಆ ನೂರು ವರ್ಷದಲ್ಲಿ ಎಷ್ಟು ಊರೋ ಅಷ್ಟು ಧಾಟಿ. ಕ್ಯಾಸೆಟ್ಟು ಅದರಲ್ಲಿ ಒಂದನ್ನು ಎಲ್ಲರ ಮನೆಗೂ ಮುಟ್ಟಿಸಿತು, ಉಳಿದವನ್ನು ಮುದುಕರ ಬಾಯಲ್ಲಿ ಬಿಟ್ಟಿತು. ಇದು ಅಶ್ವತ್ಥರ ತಪ್ಪಲ್ಲ. ಅವರಿಲ್ಲದಿದ್ದರೆ ನಮ್ಮ ಹೊನ್ನಾಳಿಯ ಎಷ್ಟೋ ಮನೆಗಳಿಗೆ ಶರೀಫರ ಹೆಸರೇ ಬರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಆ ದಿನ ಅವಳಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಹೆಂಗಸರ ದನಿಯ ಪ್ರಶ್ನೆಯೂ ಇತ್ತು. ‘ಮೈಸೂರು ಮಲ್ಲಿಗೆ’ಯಲ್ಲಿ ಎಷ್ಟೋ ಪದ್ಯ ಹೆಂಡತಿ ಆಡುವ ಮಾತು. ಅದನ್ನು ಗಂಡಸು ಹಾಡಬಹುದೇ? ಅಕ್ಕ ಕೂಡದು ಎಂದಳು, ಅವಕ್ಕೆ ರತ್ನಮಾಲಾ ಪ್ರಕಾಶರೇ ಆಗಬೇಕು. ಬರೆದವರೇ ಗಂಡಸಲ್ಲವೇ, ಎಂದೆ ನಾನು. “ಬರೀಲಿ, ಬರೆಯೋದು ಬೇರೆ. ಹಾಡೋವಾಗ ದನಿ ಬೇಕಲ್ಲ, ಅದು ನಮ್ಮದೇ ಬೇಕು” ಎಂದಳು. ಈ ವಿಷಯದಲ್ಲಿ ಅವಳದೇ ಸರಿ ಎಂದು ಒಳಗೊಳಗೇ ಒಪ್ಪಿಕೊಂಡಿದ್ದೆ, ಬಾಯಿಬಿಟ್ಟು ಹೇಳಲಿಲ್ಲ. ಅನಂತಸ್ವಾಮಿಯವರು ಹಾಡಿದ ರಾಜರತ್ನಂ ಅವರ ‘ರತ್ನನ ಪದಗಳು’ ಅವಳಿಗೆ ಪ್ರಾಣ. ಅದು ಕುಡುಕನ ಹಾಡೆಂದು ಅವಳ ಅತ್ತೆಗೆ ಗೊತ್ತಾದ ದಿನ ಆ ಮನೆಯಲ್ಲಿ ನಡೆದ ಗದ್ದಲವನ್ನು ಬರೆಯಲು ಇನ್ನೊಂದು ಪ್ರಬಂಧವೇ ಬೇಕು. ವಿಭೂತಿ ಹಚ್ಚಿದ ಮನೆಯಲ್ಲಿ ಹೆಂಡದ ಹಾಡು! ಆದರೂ ಅಕ್ಕ ಆ ಕ್ಯಾಸೆಟ್ಟನ್ನು ಬಿಡಲಿಲ್ಲ. ಅದರ ಹೊದಿಕೆ ತೆಗೆದು ಶಿವಸ್ತುತಿಯ ಹೊದಿಕೆ ಹಾಕಿಟ್ಟಳು.

ಅಕ್ಕ ಹಾಡುತ್ತಿದ್ದಳು ಎಂಬುದನ್ನು ಹೇಳುವುದೇ ಮರೆತೆ. ನನಗಿಂತ ಎಷ್ಟೋ ಚೆನ್ನಾಗಿ ಹಾಡುತ್ತಿದ್ದಳು. ಒಂದು ವರ್ಷ ರಾಜ್ಯೋತ್ಸವದಲ್ಲಿ ಹಾಡಲು ಯಾರೋ ಕೇಳಿಕೊಂಡು ಬಂದಿದ್ದರಂತೆ. ಮನೆಯಲ್ಲಿ ಬೇಡ ಎಂದರು. ಬೇಡ ಎಂದವರು ಕೆಟ್ಟವರೇನಲ್ಲ, ಆ ಕಾಲದಲ್ಲಿ ಬೇಡ ಎನ್ನುವುದು ಸಲೀಸಾಗಿತ್ತು ಅಷ್ಟೆ. ಅವಳೂ ಅದನ್ನು ದೊಡ್ಡದು ಮಾಡಲಿಲ್ಲ.

1987ರಲ್ಲಿ ನನ್ನ ಮಗನಿಗೆ ಒಂದು ವರ್ಷ ತುಂಬಿತು. ಅವನ ತೊದಲು ಮಾತನ್ನು ಹಿಡಿದಿಡೋಣ ಎಂದು ಖಾಲಿ ಕ್ಯಾಸೆಟ್ಟು ಹುಡುಕಿದೆ. ಅಕ್ಕ ಬಿಟ್ಟುಹೋದ ಒಂದು ಕ್ಯಾಸೆಟ್ಟು ಇತ್ತು. ಅದು ಅಂಗಡಿಯಲ್ಲಿ ಕೊಂಡ ಹಾಡಿನ ಕ್ಯಾಸೆಟ್ಟಲ್ಲ, ರೆಕಾರ್ಡಿಂಗ್ ಅಂಗಡಿಯಲ್ಲಿ ತುಂಬಿಸಿಕೊಂಡ ಅರವತ್ತು ನಿಮಿಷದ್ದು. ಬಿ ಸೈಡಿನಲ್ಲಿ ಮೂರು ಹಾಡು ಮುಗಿದ ಮೇಲೆ ಖಾಲಿ. ನಾನು ಒಂದರ್ಧ ನಿಮಿಷ ಕೇಳಿದೆ, ಸುಯ್ ಎಂಬ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿಂದ ಮುಂದಕ್ಕೆ ರೆಕಾರ್ಡ್ ಗುಂಡಿ ಒತ್ತಿ ಮಗನನ್ನು ಮುಂದೆ ಕೂರಿಸಿದೆ. ಇಪ್ಪತ್ತು ನಿಮಿಷ ಅವನ ಅಳು, ನಗು, ಹಿಂದೆ ಪಾತ್ರೆಯ ಸದ್ದು, ನಮ್ಮ ಅತ್ತೆಯ ಜೋಗುಳ.

ಅಕ್ಕ ಮುಂದಿನ ಸಲ ಬಂದವಳು ಆ ಕ್ಯಾಸೆಟ್ಟು ಹಾಕಿ ಕೇಳಿದಳು. ಪೂರ್ತಿ ಕೇಳಿದಳು. “ಖಾಲಿ ಇತ್ತಲ್ಲ ಅಂತ...” ಎಂದೆ. “ಹೋಗ್ಲಿ ಬಿಡು, ಏನಿತ್ತು ಅದರಾಗೆ” ಎಂದಳು. ಸಂಜೆಯ ಬಸ್ಸಿಗೇ ಹೊರಟುಹೋದಳು. ಆಮೇಲೆ ಐದು ತಿಂಗಳು ಕಾಗದ ಇಲ್ಲ, ಹಬ್ಬಕ್ಕೆ ಬರಲಿಲ್ಲ. ಅನಂತಸ್ವಾಮಿಯವರ ಹಾಡಿನ ಬಾಲ ಎಲ್ಲೋ ಕತ್ತರಿಸಿಹೋಯಿತೆಂದು ಇಷ್ಟೊಂದು ಸಿಟ್ಟೇ, ಪಕ್ಷಪಾತಕ್ಕೂ ಒಂದು ಮಿತಿ ಬೇಡವೇ, ಎಂದು ನಾನು ನೆಗೆಣ್ಣಿಯ ಹತ್ತಿರ ಆಡಿಕೊಂಡೆ. ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ಅವನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲು ಬರುವುದಿಲ್ಲ. ಆ ವರ್ಷದ ನಂತರ ಅಕ್ಕ ತನ್ನ ಬಳಿಯ ಎಲ್ಲ ಕ್ಯಾಸೆಟ್ಟುಗಳ ಹಲ್ಲನ್ನೂ ಮುರಿದಿಟ್ಟಿದ್ದಳು.

1995ರ ಜನವರಿಯಲ್ಲಿ ಅನಂತಸ್ವಾಮಿಯವರು ತೀರಿಕೊಂಡರು. ನಾನೇ ಚನ್ನಗಿರಿಗೆ ಹೋದೆ, ಸಾವಿನ ಮನೆಗೆ ಹೋದ ಹಾಗೆ. ಅಕ್ಕ ಅಡಿಗೆ ಮಾಡಿದ್ದಳು, ಬಡಿಸಿದಳು, ಟೇಪು ಮಾತ್ರ ಮುಟ್ಟಲಿಲ್ಲ. “ಇನ್ನು ನಿಮ್ಮೋರದೇ ರಾಜ್ಯ” ಎಂದಳು. ಎರಡು ವರ್ಷದ ಮೇಲೆ ‘ಅಮೆರಿಕ ಅಮೆರಿಕ’ ಚಿತ್ರ ಬಂತು. ಅದರಲ್ಲಿ ಗೋಪಾಲಕೃಷ್ಣ ಅಡಿಗರ ಕವಿತೆಯನ್ನು ಮನೋಮೂರ್ತಿಯವರ ರಾಗದಲ್ಲಿ ಸಂಗೀತಾ ಕಟ್ಟಿಯವರ ಜತೆ ಹಾಡಿದ್ದು ಅನಂತಸ್ವಾಮಿಯವರ ಮಗ ರಾಜು. ಅಕ್ಕ ಅದನ್ನು ಕೇಳಿ, ಮಗ ಚೆನ್ನಾಗಿ ಹಾಡ್ತಾನೆ, ಎಂದಷ್ಟೇ ಹೇಳಿದಳು. ಆ ಹುಡುಗನೂ 2009ರಲ್ಲಿ ಹೋಗಿಬಿಟ್ಟ.

ಈಗ ಹುಡುಗರ ಜಗಳಕ್ಕೆ ಬರುತ್ತೇನೆ. ತೊದಲು ಮಾತಿನ ನನ್ನ ಮಗ ದಾವಣಗೆರೆಗೆ ಎಂಜಿನಿಯರಿಂಗ್ ಓದಲು ಹೋದವನು ಕಪ್ಪು ಅಂಗಿ ತೊಟ್ಟು ತಿರುಗತೊಡಗಿದ. ಕೂದಲು ಬಿಟ್ಟ. ರಜೆಯಲ್ಲಿ ಸ್ನೇಹಿತರನ್ನು ಕರೆತಂದು ಕೋಣೆಯ ಬಾಗಿಲು ಹಾಕಿಕೊಂಡರೆ ಒಳಗಿಂದ ಅಕ್ಕಿ ಗಿರಣಿಯ ಸದ್ದು. ಮೆಟಲ್ ಅಂತೆ ಅದರ ಹೆಸರು. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಪರೀಕ್ಷೆ ಹತ್ತಿರವಿದ್ದರೂ ಹೋಗಿಬಂದ. ಅದಕ್ಕೂ ಎರಡು ವರ್ಷ ಮೊದಲು, 2005ರಲ್ಲಿ, ಅದೇ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ನಡೆದಿತ್ತು, ಲಕ್ಷ ಜನ ಸೇರಿದ್ದರು. ಆಗ ನನಗೆ ಹೋಗಬೇಕೆಂದು ಬಹಳ ಆಸೆಯಿತ್ತು, ಹೋಗಲಾಗಲಿಲ್ಲ. ಮಗ ಬಂದು ಮೈದಾನದ ವರ್ಣನೆ ಮಾಡುವಾಗ ನಾನು ಅದರಲ್ಲಿ ಅಶ್ವತ್ಥರ ವೇದಿಕೆ ಎಲ್ಲಿತ್ತೋ ಎಂದು ಹುಡುಕುತ್ತಿದ್ದೆ.

ಒಂದು ದಿನ ಅಕ್ಕ ನಮ್ಮಲ್ಲಿದ್ದಾಗ ಒಳಗಿನ ಜಗಳ ಹಜಾರಕ್ಕೆ ಕೇಳಿತು. ಮೆಟಾಲಿಕ ಎಂಬ ಅಮೆರಿಕದ ತಂಡ. ಅವರು 1986ರಲ್ಲಿ ಮಾಡಿದ ‘ಮಾಸ್ಟರ್ ಆಫ್ ಪಪೆಟ್ಸ್’ ಹೆಚ್ಚೋ, 1991ರ ಕಪ್ಪು ಹೊದಿಕೆಯ ಆಲ್ಬಮ್ಮು ಹೆಚ್ಚೋ? ಮೊದಲಿನದರಲ್ಲಿ ಹಾಡು ಉದ್ದ, ವೇಗ, ಸಿಟ್ಟು. ಎರಡನೆಯದರಲ್ಲಿ ಹಾಡು ಚಿಕ್ಕವಾದವು, ನಿಧಾನವಾದವು, ಜಗತ್ತಿಗೆಲ್ಲ ಹಿಡಿಸಿದವು. ಅವರು ದುಡ್ಡಿಗೆ ಬಾಗಿದರು ಎಂದು ನನ್ನ ಮಗ ಕೂಗುತ್ತಾನೆ. ಜನಕ್ಕೆ ಮುಟ್ಟುವುದು ತಪ್ಪೇನೋ ಎಂದು ಇನ್ನೊಬ್ಬ. 1986ರಲ್ಲೇ ಬಸ್ಸಿನ ಅಪಘಾತದಲ್ಲಿ ತೀರಿಕೊಂಡ ಕ್ಲಿಫ್ ಬರ್ಟನ್ ಎಂಬ ಗಿಟಾರಿನವನು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮೂರನೆಯವನು. 1988ರ ಆಲ್ಬಮ್ಮಿನಲ್ಲಿ, ಸತ್ತವನ ಜಾಗಕ್ಕೆ ಬಂದವನ ಬಾಸ್ ಗಿಟಾರು ಕೇಳುವುದೇ ಇಲ್ಲ, ಬೇಕೆಂದೇ ತಗ್ಗಿಸಿದ್ದಾರೆ, ಎಂದು ನಾಲ್ಕನೆಯವನು.

ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳು ಎದ್ದುಹೋಗಿ ಬಾಗಿಲು ತಟ್ಟಿದಳು.

“ನನಗೂ ಕೇಳಿಸ್ರೋ.”

“ದೊಡ್ಡಮ್ಮ, ನಿಮಗೆ ತಲೆನೋವು ಬರ್ತದೆ.”

“ಬರಲಿ, ಝಂಡು ಬಾಮ್ ಐತೆ.”

ಹುಡುಗರು ಅವಳ ಕಿವಿಗೆ ಅದನ್ನು ಹಾಕಿದರು. ಮಂಚದ ತುದಿಯಲ್ಲಿ ಸೆರಗು ಹೊದ್ದು ಕೂತು ಮೊದಲು ಹಳೆಯದರ ಒಂದು ಹಾಡು, ಆಮೇಲೆ ಹೊಸದರ ಒಂದು ಹಾಡು ಕೇಳಿದಳು. ಕಣ್ಣು ಮುಚ್ಚಿದ್ದಳು. ಹುಡುಗರು ತೀರ್ಪಿಗೆ ಕಾದಂತೆ ನಿಂತಿದ್ದರು. ಕೊನೆಗೆ ಅದನ್ನು ತೆಗೆದು ಹೇಳಿದಳು: “ಮೊದಲನೇದರಲ್ಲಿ ಅವನಿಗೆ ನಿಜವಾಗ್ಲೂ ಸಿಟ್ಟು ಬಂದೈತೆ. ಎರಡನೇದರಲ್ಲಿ ಸಿಟ್ಟು ಬಂದೋರ ಹಂಗೆ ಹಾಡ್ತಾನೆ. ಆದ್ರೆ ಎರಡನೇದು ಹಾಡೋಕೆ ಕಷ್ಟ ಕಣ್ರೋ, ನಿಧಾನಕ್ಕೆ ಹಾಡೋದೇ ಕಷ್ಟ.”

ಎರಡು ಪಕ್ಷದವರೂ ತಾವೇ ಗೆದ್ದೆವೆಂದು ಕುಣಿದರು. ನನ್ನ ಮಗ ಈಗಲೂ ಆ ಮಾತನ್ನು ಸ್ನೇಹಿತರಿಗೆ ಹೇಳುತ್ತಾನೆ. ಅವಳ ಅಭಿಪ್ರಾಯವನ್ನು ಯಾರಾದರೂ ಅಷ್ಟು ಗಂಭೀರವಾಗಿ ಕೇಳಿಸಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ವರ್ಷ, 2008ರಲ್ಲಿ, ರಘು ದೀಕ್ಷಿತರ ಆಲ್ಬಮ್ಮು ಬಂತು. ಗಿಟಾರು, ಪಿಟೀಲಿನ ಜತೆ ಶರೀಫರ ಹಾಡು. ಮಗ ಖುಷಿಯಿಂದ ಕೇಳಿಸಿದ. ನನಗೆ ಮೈಯೆಲ್ಲ ಉರಿಯಿತು, ಅಸಲು ಧಾಟಿ ಕೆಡಿಸಿದ್ದಾರೆ ಎಂದೆ. ನೆಗೆಣ್ಣಿ ಅಲ್ಲೇ ಇದ್ದಳು. ಅವಳ ತುಟಿಯ ಮೇಲೆ ಹಪ್ಪಳದ ದಿನದ ನಗು. “ಅಕ್ಕ, ಯಾವ ಅಸಲು?” ಎಂದಳು. ಇಪ್ಪತ್ತು ವರ್ಷ ಕಾದಿದ್ದಳು ಆ ಪ್ರಶ್ನೆಗೆ.

ಅಶ್ವತ್ಥರು ಹೋದದ್ದು 2009ರ ಡಿಸೆಂಬರ್ 29, ಅವರು ಹುಟ್ಟಿದ ದಿನವೇ. ಮರುದಿನ ವಿಷ್ಣುವರ್ಧನ್ ಹೋದರು. ಊರೆಲ್ಲ ಅತ್ತಕಡೆ ತಿರುಗಿತು. ಅಂಗಡಿಗಳು ಮುಚ್ಚಿದವು, ಟಿ.ವಿ.ಯಲ್ಲಿ ಅದೇ ಸುದ್ದಿ. ಅಶ್ವತ್ಥರಿಗೆ ಅಳಲು ನಾಡಿಗೆ ಒಂದು ಪೂರ್ತಿ ದಿನವೂ ಸಿಗಲಿಲ್ಲ. ಅಕ್ಕ ಫೋನು ಮಾಡಿದಳು. ಏನೂ ಹೇಳಲಿಲ್ಲ, ಫೋನಿನ ಹತ್ತಿರ ಟೇಪು ಇಟ್ಟು ‘ಮೈಸೂರು ಮಲ್ಲಿಗೆ’ಯ ಒಂದು ಹಾಡು ಪೂರ್ತಿ ಕೇಳಿಸಿ ಇಟ್ಟುಬಿಟ್ಟಳು. ಅವಳ ಹತ್ತಿರ ಆ ಕ್ಯಾಸೆಟ್ಟು ಇತ್ತೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಅಕ್ಕ 2016ರಲ್ಲಿ ತೀರಿಕೊಂಡಳು. ಕಾರ್ಯ ಮುಗಿದ ಮೇಲೆ ಅವಳ ಸೊಸೆ ಒಂದು ನೋಟುಬುಕ್ಕು ತಂದುಕೊಟ್ಟಳು. ಆ ಕಾಲದ ಹೆಂಗಸರಲ್ಲಿ ಎಲ್ಲರ ಬಳಿಯೂ ಇಂಥದೊಂದು ಇರುತ್ತಿತ್ತು. ಟೇಪು ನಿಲ್ಲಿಸಿ ನಿಲ್ಲಿಸಿ ಹಾಡು ಬರೆದುಕೊಳ್ಳುವ ಪುಸ್ತಕ. ಅಕ್ಕನದರಲ್ಲಿ ಪ್ರತಿ ಹಾಡಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಾಲಿನ ಟಿಪ್ಪಣಿ. 'ಇಲ್ಲಿ ಎಳೆದದ್ದು ಜಾಸ್ತಿ.' 'ಕವಿ ಹೇಳಿದ್ದು ದುಃಖ, ಇವರು ಹಾಡಿದ್ದು ಮುನಿಸು.' 'ಅಶ್ವತ್ಥ್. ಚೆನ್ನಾಗಿದೆ. ತಂಗಿಗೆ ಹೇಳಬಾರದು.' ಹೀಗೆ ನೂರಾರು. ನಡುವೆ ಕ್ಯಾಸೆಟ್ಟುಗಳ ಪಟ್ಟಿ, ಯಾವ ಸೈಡಿನಲ್ಲಿ ಏನಿದೆ ಎಂದು. ಒಂದು ಅರವತ್ತು ನಿಮಿಷದ ಕ್ಯಾಸೆಟ್ಟಿನ ಎದುರು ಬರೆದಿತ್ತು: 'ಬಿ ಸೈಡು, ಮೂರು ಹಾಡು. ಸ್ವಲ್ಪ ಬಿಟ್ಟು, ಕೊನೆಗೆ ನಾನು. ಎರಡು ಧಾಟಿಯಲ್ಲೂ.'

ಅದನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಯಾವ ಹಾಡು ಎಂದು ಬರೆದಿಲ್ಲ. ಒಂದು ಸಲ ಅನಂತಸ್ವಾಮಿಯವರ ಹಾಗೆ, ಒಂದು ಸಲ ಅಶ್ವತ್ಥರ ಹಾಗೆ ಹಾಡಿ ನನಗೆ ಕೇಳಿಸಲೆಂದೇ ಆ ಕ್ಯಾಸೆಟ್ಟನ್ನು ನಮ್ಮಲ್ಲಿ ಬಿಟ್ಟುಹೋಗಿದ್ದಳೋ ಏನೋ. ನಾನು ಅರ್ಧ ನಿಮಿಷ ಕೇಳಿ ಗುಂಡಿ ಒತ್ತಿದೆ. ಮಗನ ಅಳು ಇರುವ ಆ ಕ್ಯಾಸೆಟ್ಟು ಈಗಲೂ ನನ್ನ ಬೀರುವಿನಲ್ಲಿದೆ. ಅದನ್ನು ಹಾಕುವ ಟೇಪು ಮನೆಯಲ್ಲಿಲ್ಲ, ಇದ್ದರೂ ಹಾಕುವ ಧೈರ್ಯ ನನಗಿಲ್ಲ.

ನಮ್ಮಿಬ್ಬರ ಜಗಳವನ್ನು ಕೊನೆಗೆ ತೀರಿಸಿದ್ದು ಸರ್ಕಾರ ಎಂದರೆ ನಂಬುತ್ತೀರಾ? ಕುವೆಂಪು ಅವರ ಕವಿತೆಯನ್ನು 2004ರ ಜನವರಿಯಲ್ಲಿ ನಾಡಗೀತೆ ಎಂದು ಘೋಷಿಸಿದ ಮೇಲೆ ಅದನ್ನು ಯಾರ ಧಾಟಿಯಲ್ಲಿ ಹಾಡಬೇಕು ಎಂಬ ಪ್ರಶ್ನೆ ಹದಿನೆಂಟು ವರ್ಷ ಎಳೆದಾಡಿತು. ಕೆಲವು ಕಡೆ ಅನಂತಸ್ವಾಮಿಯವರದು, ಕೆಲವು ಕಡೆ ಅಶ್ವತ್ಥರದು. ಅಂದರೆ ನ್ಯಾಮತಿಯ ಗೌರಿ ಹಬ್ಬದ ವಾದ ವಿಧಾನಸೌಧಕ್ಕೂ ಹೋಯಿತು ಎನ್ನಿ. ಕೊನೆಗೆ ಹಿರಿಯ ಗಾಯಕಿ ಎಚ್.ಆರ್. ಲೀಲಾವತಿಯವರ ಸಮಿತಿ ಅನಂತಸ್ವಾಮಿಯವರ ಧಾಟಿಯನ್ನು ಶಿಫಾರಸು ಮಾಡಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಆ ಧಾಟಿಯಲ್ಲೇ, ಆಲಾಪ, ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿಯವರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2024ರ ಏಪ್ರಿಲಿನಲ್ಲಿ ಅವರ ಅರ್ಜಿ ವಜಾ ಆಯಿತು.

ಪೇಪರಿನಲ್ಲಿ ಓದಿದ ನೆಗೆಣ್ಣಿ ಜಗಳೂರಿನಿಂದ ಫೋನು ಮಾಡಿದಳು. “ಅಕ್ಕ, ನಿಮ್ಮಕ್ಕ ಗೆದ್ರು.”

ಫೋನು ಇಟ್ಟವಳು ಅಡಿಗೆಮನೆಗೆ ಹೋದೆ. ಗೋಡೆಯ ಗಡಿಯಾರ ನೋಡಿಕೊಂಡು, ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಿದೆ. ಮನೆಯಲ್ಲಿ ಅಕ್ಕ ಹೇಗೆ ಗುನುಗುತ್ತಿದ್ದಳೋ ಹಾಗೆಯೇ, ಆ ಬಿಸಿಲಿಗೆ ಹಾಕಿದ ಸೆಲ್ಲಿನ ನಡೆಯಲ್ಲಿ. ಮೂರೂಕಾಲು ನಿಮಿಷ ಹಿಡಿಯಿತು.